ಹೊಟ್ಟೆ ಒತ್ತುವ ಕೈಗಳು
ನಮ್ಮ ಐಟಿಯವರ ಕತ್ತುನೋವಿಗೆ ಕುರ್ಚಿ, ಸ್ಟ್ಯಾಂಡು ಎಲ್ಲಾ ಬಂತು. ಎಂಡೋಸ್ಕೋಪಿ ರೂಮಲ್ಲಿ ನರ್ಸ್ ಆಗಿರೋ ನಮ್ಮಕ್ಕನ ಭುಜಕ್ಕೆ?

ಅಲ್ಲಿ ಡಾಕ್ಟರ ಎಡ ಹೆಬ್ಬೆರಳು ದಿನವಿಡೀ ಸ್ಕೋಪಿನ ಚಕ್ರ ತಿರುಗಿಸುತ್ತೆ. ಕೊಲೊನೋಸ್ಕೋಪಿಯಲ್ಲಿ ಟ್ಯೂಬು ಒಳಗೆ ಸುತ್ತಿಕೊಂಡರೆ ರೋಗಿಯ ಹೊಟ್ಟೆಯನ್ನು ಬಗ್ಗಿ ಒತ್ತಿ ಹಿಡಿಯೋದು ಅಕ್ಕ. ಮಂಪರಿನಲ್ಲಿರೋ ರೋಗಿಯನ್ನು ಮಗ್ಗುಲಾಗಿಸೋದೂ ಅವಳೇ.

ಪರಿಹಾರ ಕಷ್ಟದ್ದೇನಲ್ಲ. ಮಂಚ ಮೊಣಕೈ ಮಟ್ಟಕ್ಕೆ ಅಥವಾ 10 ಸೆಂ.ಮೀ.ವರೆಗೆ ಕೆಳಗಿರಲಿ. ಮಾನಿಟರ್ ನೇರ ಎದುರಿಗೆ, ಕಣ್ಣಿಗಿಂತ ತುಸು ತಗ್ಗಿನಲ್ಲಿರಲಿ. ಒತ್ತುವ ಕೈಗಳು ಬದಲಾಗಲಿ, ನಡುನಡುವೆ ಚಿಕ್ಕ ಬಿಡುವು ಸಿಗಲಿ. ಬಿಡುವು ತಗೊಳ್ಳಿ ಅಂತ 2023ರಲ್ಲಿ ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘವೂ ಸಲಹೆ ಕೊಟ್ಟಿದೆ.

ಆದರೆ ಬಿಡುವು ಸಿಗಬೇಕಂದ್ರೆ ರೋಗಿಗಳ ಪಟ್ಟಿಯಲ್ಲಿ ಜಾಗ ಬಿಡಬೇಕಲ್ಲ! ನಿಮ್ಮ ಸರದಿ ಐದು ನಿಮಿಷ ತಡವಾದ್ರೆ ಗೊಣಗಬೇಡಿ. ಒಳಗೆ ಯಾರೋ ಕೈ ಕೊಡವಿಕೊಳ್ತಿರಬಹುದು.