ಸುವಾರ್ತೆಯ ಹೊಣೆ ಯಾರದು?



ಸುವಾರ್ತೆಯನ್ನು ಸಾರುವುದು ಸಭಾಪಾಲಕರ ಕೆಲಸ, ಉಪದೇಶಿಗಳ ಕೆಲಸ, ಅದಕ್ಕಾಗಿಯೇ ಅವರಿಗೆ ಸಂಬಳ ಸಲ್ಲುತ್ತಿದೆ. ನಾವಾದರೋ ಭಾನುವಾರದ ಆರಾಧನೆಗೆ ತಪ್ಪದೆ ಬಂದು, ಕಾಣಿಕೆ ಹಾಕಿ, ಬೆಳೆಹಬ್ಬದ ದಿನ ತೋಟದ ಬಾಳೆಗೊನೆಯೊಂದನ್ನು ತಂದೊಪ್ಪಿಸಿ, ಹರಾಜಿನಲ್ಲಿ ಅದನ್ನೇ ಒಂದಕ್ಕೆರಡು ಬೆಲೆ ಕೊಟ್ಟು ಕೊಂಡುಕೊಂಡು ಹೋದರೆ ನಮ್ಮ ಋಣ ತೀರಿತು—ಎಂಬ ಅಭಿಪ್ರಾಯವು ನಮ್ಮ ಸಭೆಗಳಲ್ಲಿ ಬಹುಕಾಲದಿಂದ ಬೇರೂರಿ ನಿಂತಿದೆ. ಬಾಯಿಬಿಟ್ಟು ಹೀಗೆನ್ನುವವರು ವಿರಳ. ಹೀಗೆಂದು ನಂಬಿ ನಡೆಯುವವರು ಬಹಳ. ಈ ಅಭಿಪ್ರಾಯಕ್ಕೆ ಶಾಸ್ತ್ರದ ಆಧಾರವಾಗಲಿ ಸಭೆಯ ಚರಿತ್ರೆಯ ಆಧಾರವಾಗಲಿ ಇಲ್ಲವೆಂಬುದನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ಈ ಕರಪತ್ರ.

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸ್ತೆಫನನನ್ನು ಕಲ್ಲೆಸೆದು ಕೊಂದ ದಿನವೇ ಯೆರೂಸಲೇಮಿನ ಸಭೆಯ ಮೇಲೆ ಮಹಾಹಿಂಸೆಯೆದ್ದು, ವಿಶ್ವಾಸಿಗಳೆಲ್ಲರೂ ಯೂದಾಯ ಸಮಾರ್ಯ ಸೀಮೆಗಳಿಗೆ ಚದರಿಹೋದರೆಂದೂ, ಚದರಿದವರು ಹೋದಲ್ಲೆಲ್ಲ ವಾಕ್ಯವನ್ನು ಸಾರಿದರೆಂದೂ ಅಲ್ಲಿ ಹೇಳಿದೆ. ಆದರೆ ಓದುವವನ ಕಣ್ಣು ಸುಲಭವಾಗಿ ದಾಟಿಬಿಡುವ ಒಂದು ಸಣ್ಣ ಸಂಗತಿಯೂ ಅಲ್ಲಿಯೇ ಇದೆ: ಅಪೊಸ್ತಲರು ಮಾತ್ರ ಯೆರೂಸಲೇಮಿನಲ್ಲಿಯೇ ಉಳಿದರು. ಸಾರುವುದಕ್ಕೆ ನೇಮಕಗೊಂಡವರು ಊರಿನಲ್ಲಿದ್ದರು. ಸಾರುತ್ತ ಹೋದವರು ನೇಮಕವಿಲ್ಲದವರು, ಮನೆಮಠ ಕಳೆದುಕೊಂಡವರು, ನಾಳೆಯ ಅನ್ನವೆಲ್ಲಿ ಎಂಬುದನ್ನೂ ಅರಿಯದವರು. ಅವರಲ್ಲಿ ಕೆಲವರು ಫೊಯಿನಿಕೆಯನ್ನೂ ಕುಪ್ರ ದ್ವೀಪವನ್ನೂ ಹಾದು ಅಂತಿಯೋಕ್ಯವನ್ನು ಮುಟ್ಟಿದರು. ಅವರೊಳಗಿನ ಕುಪ್ರದವರೂ ಕುರೇನೆಯವರೂ ಆದ ಕೆಲವರು, ಅದುವರೆಗೆ ಯೆಹೂದ್ಯರೊಡನೆ ಮಾತ್ರ ನಡೆಯುತ್ತಿದ್ದ ಮಾತನ್ನು ಗ್ರೀಕರೊಡನೆಯೂ ಆಡಿದರು. ಅಧಿಪತಿಗಳಾದ ಸೆರ್ಗ್ಯಪೌಲ, ಗಲ್ಲಿಯೋನ, ಫೇಲಿಕ್ಸ, ಫೆಸ್ತರ ಹೆಸರುಗಳನ್ನು ಮರೆಯದೆ ಬರೆದಿಟ್ಟ ಲೂಕನು, ಲೋಕದ ಚರಿತ್ರೆಯ ದಿಕ್ಕನ್ನೇ ತಿರುಗಿಸಿದ ಈ ಕೆಲವರ ಒಂದು ಹೆಸರನ್ನೂ ಬರೆಯಲಿಲ್ಲ. ಸುದ್ದಿ ಕೇಳಿ ಬಾರ್ನಬನು ಅಂತಿಯೋಕ್ಯಕ್ಕೆ ಬಂದಾಗ ಅಲ್ಲಿ ವಿಶ್ವಾಸಿಗಳ ದೊಡ್ಡ ಗುಂಪು ಆಗಲೇ ಇತ್ತು. ಮುಂದೆ ಪೌಲನೆನಿಸಿದ ಸೌಲನನ್ನು ತಾರ್ಸದಿಂದ ಕರೆತಂದದ್ದು ಅದಕ್ಕೂ ತರುವಾಯ. ಕ್ರೈಸ್ತರೆಂಬ ಹೆಸರು ಶಿಷ್ಯರಿಗೆ ಮೊದಲು ಬಂದದ್ದು ಆ ಊರಿನಲ್ಲಿ. ಪೌಲನು ತನ್ನ ಸುವಾರ್ತಾ ಪ್ರಯಾಣಗಳಿಗೆ ಹೊರಟದ್ದೂ ಆ ಸಭೆಯಿಂದಲೇ. ಅಪೊಸ್ತಲನ ಮಹತ್ಕಾರ್ಯದ ಅಡಿಪಾಯದಲ್ಲಿರುವುದು ಹೆಸರಿಲ್ಲದವರ ಸಂಭಾಷಣೆಯೆಂದ ಮೇಲೆ, ನಾನು ಸಾಮಾನ್ಯನು, ನನ್ನಿಂದೇನಾದೀತು ಎಂಬ ವಿನಯಕ್ಕೆ ಎಡೆಯೆಲ್ಲಿ?

ಕರ್ತನನ್ನು ಕಂಡ ಮೇಲೆ ಅಂದ್ರೆಯನು ಮೊದಲು ಮಾಡಿದ ಕೆಲಸ ತನ್ನ ಅಣ್ಣನಾದ ಸೀಮೋನನನ್ನು ಹುಡುಕಿ ಕರೆತಂದದ್ದು. ಸಮಾರ್ಯದ ಹೆಂಗಸು ತನ್ನ ಕೊಡವನ್ನು ಬಾವಿಯ ಬಳಿಯಲ್ಲಿಯೇ ಬಿಟ್ಟು ಜನರಿಗೆ ತಿಳಿಸಲು ಊರೊಳಕ್ಕೆ ನಡೆದಳು. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ವಾಸವಾಗಿದ್ದು, ದೆವ್ವಗಳ ಕಾಟದಿಂದ ಬಿಡುಗಡೆ ಹೊಂದಿದವನ ಪ್ರಸಂಗ ಇವೆರಡಕ್ಕಿಂತಲೂ ಗಹನವಾದುದು. ಕರ್ತನ ಸಂಗಡ ದೋಣಿಯನ್ನು ಹತ್ತಬೇಕೆಂದು ಅವನು ಬೇಡಿಕೊಂಡರೆ ಕರ್ತನು ಒಪ್ಪದೆ, ಮನೆಗೆ ಹೋಗಿ ಸ್ವಂತ ಜನರಿಗೆ ತಿಳಿಸೆಂದು ಅವನನ್ನು ಹಿಂದಕ್ಕೆ ಕಳುಹಿಸಿದನು. ದೂರದೇಶಕ್ಕೆ ಹೋಗಿ ಸಾರುವುದಕ್ಕಿಂತ ಸ್ವಂತ ಮನೆಯಲ್ಲಿ ಬಾಯಿ ತೆರೆಯುವುದು ಕಷ್ಟ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಿದ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಹಳೆಯ ಕೋಪತಾಪಗಳನ್ನೂ ಸಾಲಸೋಲಗಳನ್ನೂ ಬಲ್ಲವರ ಮುಂದೆ ದೇವರ ಕೃಪೆಯ ಮಾತನ್ನೆತ್ತಲು ನಾಲಿಗೆ ತೊದಲುತ್ತದೆ. ಆದರೂ ಬಿಡುಗಡೆ ಹೊಂದಿದ ಆ ಮನುಷ್ಯನಿಗೆ ದೊರೆತ ಕ್ಷೇತ್ರ ಅದೇ.

ಕನ್ನಡ ನಾಡಿನ ಸಭೆಯ ಕಥೆಯೂ ಬೇರೆಯಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ತನ್ನ ಮಹಾನಿಘಂಟನ್ನು ನಾಡಿಗೊಪ್ಪಿಸಿದ ಕಿಟ್ಟೆಲ್—ಇವರ ಹೆಸರುಗಳನ್ನು ಉತ್ಸವದ ದಿನಗಳಲ್ಲಿ ನಾವು ಅಭಿಮಾನದಿಂದ ನೆನೆಯುತ್ತೇವೆ; ನೆನೆಯತಕ್ಕದ್ದೇ. ಆದರೆ ಅಚ್ಚಾದ ಸುವಾರ್ತಾ ಗ್ರಂಥವು ಮನೆಮನೆಯ ಹೊಸ್ತಿಲನ್ನು ಮುಟ್ಟಿದ್ದು ಬಹುಪಾಲು ಬೇರೆಯವರ ಕಾಲಿನ ಬಲದಿಂದ. ಸಂತೆಯ ದಿನ ಮರದ ನೆರಳಿನಲ್ಲಿ ಬಟ್ಟೆ ಹಾಸಿ, ಒಂದು ಕಡೆ ಮೆಣಸಿನಕಾಯಿಯ ರಾಶಿ, ಇನ್ನೊಂದು ಕಡೆ ಮಡಕೆಗಳ ಸಾಲು, ನಡುವೆ ನಾಲ್ಕಾರು ಸುವಾರ್ತಾ ಪುಸ್ತಿಕೆಗಳನ್ನು ಹರಡಿಕೊಂಡು ಕುಳಿತು, ಕೊಳ್ಳಲು ಕಾಸಿಲ್ಲದವನಿಗೂ ಓದಲು ಬಾರದವನಿಗೂ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಿದ ಪುಸ್ತಕ ಮಾರುವವರಿದ್ದರು. ಬೈಬಲ್ ಸ್ತ್ರೀಯರೆಂದು ಕರೆಯಿಸಿಕೊಂಡ ತಾಯಂದಿರಿದ್ದರು. ಮನೆಯಾಕೆ ಮೊರದಲ್ಲಿ ಅಕ್ಕಿಯನ್ನು ಕೇರುತ್ತಿರುವಾಗ ಜಗಲಿಯ ತುದಿಯಲ್ಲಿ ಕುಳಿತು, ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸಿದವಳ ಸಾಮ್ಯವನ್ನು ಅವರು ಓದಿದರೆ, ಅದಕ್ಕೆ ಭಾಷ್ಯದ ಆವಶ್ಯಕತೆಯೇ ಇರಲಿಲ್ಲ. ಇಂಥವರಲ್ಲಿ ಅನೇಕರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇನ್ನು ಆಕ್ಷೇಪಗಳು. ನನಗೆ ಶಾಸ್ತ್ರಜ್ಞಾನವಿಲ್ಲವೆನ್ನುವವರು ಹೆಚ್ಚು. ನ್ಯಾಯಾಲಯದಲ್ಲಿ ಕಾನೂನನ್ನು ವಾದಿಸುವುದು ವಕೀಲನ ಪಾಲು; ಸಾಕ್ಷಿಯಾದವನು ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು, ಅದಕ್ಕಿಂತ ಹೆಚ್ಚನ್ನು ಹೇಳಹೋದರೆ ಅವನ ಬೆಲೆ ಕುಂದುತ್ತದೆ. ಯೋಹಾನನ ಸುವಾರ್ತೆಯಲ್ಲಿ ಬರುವ ಹುಟ್ಟುಕುರುಡನು ಫರಿಸಾಯರ ತರ್ಕಕ್ಕೆ ಮೊದಲಿಗೆ ತರ್ಕದಿಂದ ಉತ್ತರಿಸತೊಡಗಲಿಲ್ಲ. ಮೊದಲು ಕುರುಡನಾಗಿದ್ದೆನು, ಈಗ ಕಾಣುತ್ತೇನೆ ಎಂಬ ಒಂದೇ ಸಂಗತಿಯನ್ನು ಹಿಡಿದು ನಿಂತನು.

ಸನ್ನಡತೆಯೇ ಸಾಕು, ಮಾತು ಬೇಡವೆನ್ನುವ ಇನ್ನೊಂದು ವಾದವು ಕೇಳುವುದಕ್ಕೆ ಹೆಚ್ಚು ಘನವಾದುದು. ನಡತೆ ಕೆಟ್ಟವನ ಬೋಧನೆ ನಿಷ್ಫಲವೆಂಬುದು ಸತ್ಯ. ಮದುವೆಯ ಮಾತು ಬಂದಾಗ ಸಭೆಯೊಳಗೇ ಕುಲವನ್ನು ಕೇಳುವವರು ಹೊರಗಿನವರಿಗೆ ಯಾವ ಸಮಾಚಾರವನ್ನು ಹೇಳಿಯಾರು? ಆದರೆ ಮಾತಿಲ್ಲದ ಸನ್ನಡತೆಯ ಕೀರ್ತಿಯು ಯಾರಿಗೆ ಸಲ್ಲುತ್ತದೆ? ನೆರೆಯವರು ನಮ್ಮನ್ನು ಒಳ್ಳೆಯ ಮನುಷ್ಯರೆನ್ನುತ್ತಾರೆ, ನಾವು ಸುಮ್ಮನೆ ನಗುತ್ತೇವೆ, ದೇವರಿಗೆ ಸಲ್ಲಬೇಕಾದ ಸ್ತೋತ್ರವು ನಮ್ಮ ಕಿಸೆಯನ್ನು ಸೇರುತ್ತದೆ. ವಿನಯದ ವೇಷದ ಇಂಥ ಅಪಹರಣವು ನನಗೆ ಬಹಿರಂಗದ ಅಹಂಕಾರಕ್ಕಿಂತಲೂ ಅಪಾಯಕರವಾಗಿ ತೋರುತ್ತದೆ.

ಮೂರನೆಯ ಆಕ್ಷೇಪವು ನಮ್ಮದಲ್ಲ, ನೆರೆಹೊರೆಯವರದು: ನೀವು ಆಸೆ ತೋರಿಸಿ ಜನರನ್ನು ಸೆಳೆಯುತ್ತೀರಿ, ನಮ್ಮ ಪೂಜ್ಯಭಾವನೆಗಳನ್ನು ಹೀಯಾಳಿಸುತ್ತೀರಿ ಎಂಬುದು. ಇದನ್ನು ಕೋಪವಿಲ್ಲದೆ ಕೇಳಬೇಕು, ಏಕೆಂದರೆ ಹಾಗೆ ನಡೆದುಕೊಂಡವರು ಇಲ್ಲವೇ ಇಲ್ಲವೆಂದು ಪ್ರಮಾಣ ಮಾಡುವ ಧೈರ್ಯ ಯಾರಿಗೂ ಇರಲಾರದು. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಸರ್ವರಿಗೂ ಕೊಟ್ಟಿದೆ; ಪ್ರಸಾರದ ಹಕ್ಕು ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಹೇಳಿದೆ. ಈ ತೀರ್ಪಿನಿಂದ ಎದೆಗುಂದಿದವರನ್ನು ಕಂಡರೆ ನನಗೆ ಆಶ್ಚರ್ಯ. ಮನಸ್ಸನ್ನು ತಿರುಗಿಸುವ ಅಧಿಕಾರವು ನಮಗೆ ಎಂದಾದರೂ ಇತ್ತೆ? ಅದು ಪವಿತ್ರಾತ್ಮನದೆಂದು ನಾವೇ ಬೋಧಿಸುತ್ತ ಬಂದಿದ್ದೇವಲ್ಲವೆ? ರೊಟ್ಟಿಯನ್ನು ತಿಂದು ತೃಪ್ತರಾದ ಕಾರಣದಿಂದ ತನ್ನನ್ನು ಹುಡುಕಿಕೊಂಡು ಬಂದವರನ್ನು ಕರ್ತನೇ ಗದರಿಸಿದನು. ಆಸ್ತಿವಂತನಾದ ಯುವಕನು ವ್ಯಸನದಿಂದ ಹೊರಟುಹೋದಾಗ, ಅವನನ್ನು ಪ್ರೀತಿಸಿದ ಆ ಕರ್ತನು ಬೆನ್ನಟ್ಟಿ ಹೋಗಿ ಷರತ್ತನ್ನು ಸಡಿಲಿಸಲಿಲ್ಲ. ಆದುದರಿಂದ ಔಷಧವನ್ನು ಕೊಡುವಾಗ ರೋಗಿಗೆಂದು ಕೊಡಿರಿ, ಅಕ್ಷರವನ್ನು ಕಲಿಸುವಾಗ ಮಗುವಿಗೆಂದು ಕಲಿಸಿರಿ. ಅವುಗಳಿಗೆ ಸುವಾರ್ತೆಯನ್ನು ಬೆಲೆಯಾಗಿ ಕಟ್ಟಬೇಡಿರಿ. ನಮ್ಮ ನಿರೀಕ್ಷೆಗೆ ಕಾರಣವನ್ನು ಕೇಳುವವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಹೇಳಬೇಕೆಂಬ ಪೇತ್ರನ ಬುದ್ಧಿವಾದದಲ್ಲಿ ಇನ್ನೊಬ್ಬರ ದೇವರನ್ನು ಹಳಿಯುವುದಕ್ಕೆ ಸ್ಥಳವಿಲ್ಲ. ನಿಮ್ಮ ಮಾತನ್ನು ಕೇಳಿ ಬೇಡವೆಂದವನು ಮರುದಿನವೂ ನಿಮ್ಮ ನೆರೆಯವನೇ; ಅವನ ಮನೆಯ ಮದುವೆಗೆ ಚಪ್ಪರ ಹಾಕಲು ಹೋಗಿರಿ, ಸಾವಾದರೆ ಹೆಗಲು ಕೊಡಿರಿ.

ವಿಶೇಷ ಕೂಟಗಳು ಏರ್ಪಡಲೆಂದೂ ದೊಡ್ಡ ಬೋಧಕರು ಬರಲೆಂದೂ ಕಾಯುತ್ತ ಕುಳಿತಿರಬೇಡಿರಿ. ಮಾರ್ಕನ ಸುವಾರ್ತೆಯನ್ನು ನಿಮ್ಮ ಮನೆಯಲ್ಲಿಯೇ, ಮಕ್ಕಳು ಕೇಳುವಂತೆ, ದಿನಕ್ಕೊಂದು ಅಧ್ಯಾಯದಂತೆ ಓದಲು ಆರಂಭಿಸಿದರೆ ಹದಿನಾರು ದಿನಗಳಲ್ಲಿ ಮುಗಿಯುತ್ತದೆ. ಹೊಲದಲ್ಲಾಗಲಿ ಕಚೇರಿಯಲ್ಲಾಗಲಿ ನಿಮ್ಮೊಡನೆ ದುಡಿಯುವವರು ದುಃಖದಲ್ಲಿರುವಾಗ ಮೊದಲು ಅವರ ಮಾತನ್ನು ಪೂರ್ತಿಯಾಗಿ ಕೇಳಿರಿ. ಆ ಮೇಲೆ, ಅಂಥದೇ ದುಃಖದಲ್ಲಿ ನಿಮ್ಮನ್ನು ಎತ್ತಿ ನಿಲ್ಲಿಸಿದಾತನು ಯಾರೆಂಬುದನ್ನು ಅವರ ಅಪ್ಪಣೆ ಪಡೆದು ಹೇಳಿರಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಒಪ್ಪಿಕೊಂಡು, ಸಭಾಪಾಲಕರನ್ನು ವಿಚಾರಿಸಿಕೊಂಡು, ಮತ್ತೆ ಅವರ ಬಳಿಗೆ ಹೋಗಿರಿ.