ಹೊಟ್ಟೆ ತುಂಬಿದ ಊರಿಗೆ ಯಾವ ಮಿಷನ್?

ಮೊನ್ನೆ ರಾಣೇಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಐರಣಿಯ ಹಿರಿಯರೊಬ್ಬರು ಸಿಕ್ಕರು. ಬೆಂಗಳೂರಿನ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬಂದವರು. 'ಹೆಂಗಿತ್ರಿ ಯಜಮಾನ್ರ?' ಎಂದೆವು. 'ಎಲ್ಲಾ ಐತ್ರಿ. ಲಿಫ್ಟ್ ಐತಿ, ಬಿಸಿನೀರು ಐತಿ. ಮಾತಾಡಾಕ ಮಂದಿ ಇಲ್ಲ. ಬಾಗಿಲು ಬಡಿದು ಆರಾಮ ಅದೀರೇನು ಅಂತ ಕೇಳಿದವರಂದ್ರ ಇಬ್ಬರು ಕ್ರಿಸ್ತನ ಮಂದಿ. ಪುಸ್ತಕ ಕೊಡಾಕ ಬಂದಿದ್ರು. ಸೊಸಿ ಬಾಗಿಲು ಹಾಕಿಬಿಟ್ಲು' ಎಂದರು.

ಇದು ನಕ್ಕು ಬಿಡುವ ಮಾತಲ್ಲ. ಸೌಕರ್ಯವಿರುವ ಶಹರದಲ್ಲಿ ಯಾರಿಗೂ ಏನೂ ಬೇಕಾಗಿಲ್ಲ, ಮಿಷನ್ ಕೆಲಸ ಸಾಗುವುದೇ ಇಲ್ಲ ಎಂಬುದು ಪಾದ್ರಿಗಳ ಅಳಲು. ಮಿಷನ್ ಎಂದರೆ ಮತಾಂತರ, ಬಾಗಿಲು ಹಾಕಿ ಎಂಬುದು ಇನ್ನು ಕೆಲವರ ಕೂಗು. ಇಬ್ಬರೂ ನಮ್ಮ ಸೀಮೆಯ ಹಳೆಯ ಕಥೆ ಮರೆತಂತಿದೆ.

1997ರವರೆಗೆ ನಾವು ಧಾರವಾಡ ಜಿಲ್ಲೆಯವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಶಾಲೆ ತೆರೆಯಿತು, ದವಾಖಾನೆ ಕಟ್ಟಿತು. ನಮ್ಮ ಮಾಡಿನ ಮೇಲಿನ ಮಂಗಳೂರು ಹೆಂಚು ಕೂಡ ಅವರು 1865ರಲ್ಲಿ ಶುರು ಮಾಡಿದ ಕಾರ್ಖಾನೆಯ ಸಂತಾನವೇ. ಮೊಗ್ಲಿಂಗ್ ಸಾಹೇಬರು 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ನಿಮ್ಮ ಕೈಯಲ್ಲಿರುವ ಈ ಕಾಗದದ ಮುತ್ತಜ್ಜ. 1853ರಲ್ಲಿ ಬಂದ ಕಿಟೆಲ್ ಜನರ ನಡುವೆ ಓಡಾಡಿ ಮಾತು ಕಲಿತರು, 1894ರಲ್ಲಿ ನಿಘಂಟು ಕೊಟ್ಟರು.

ಅವರು ಬಂದದ್ದು ಮತ ಸಾರಲಿಕ್ಕೇ. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆ ಮತ ಒಪ್ಪಿದವರು ಕೆಲವರು, ಆದರೆ ನಿಘಂಟು ಎಲ್ಲರದಾಯಿತು. ಯಾಕೆ? ಹೇಳುವ ಮೊದಲು ಅವರು ನಮ್ಮ ಮಾತು ಕೇಳಿಸಿಕೊಂಡರು. ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಈಗೇನಾಗಿದೆ? ಶಹರದ ಹೆಸರಾಂತ ಮಿಷನ್ ಶಾಲೆಗಳ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲುವವರು ಬಡವರಲ್ಲ. ಅಂಗಡಿಕಾರರು, ನೌಕರದಾರರು, ಅಂದರೆ ನಾವೇ! ನಮಗೆ ಬೇಕಾದದ್ದು ಕ್ರಿಸ್ತನೂ ಅಲ್ಲ, ಕಿಟೆಲ್ಲರ ಕನ್ನಡವೂ ಅಲ್ಲ. ಇಂಗ್ಲಿಷು. ಬೆಳಿಗ್ಗೆ ಸೀಟಿಗಾಗಿ ಕೈಮುಗಿದು ಸಂಜೆ ಕಟ್ಟೆಯ ಮೇಲೆ ಕೂತು ಮಿಷನರಿಗಳನ್ನು ಬೈಯುವವರೂ ನಮ್ಮಲ್ಲಿದ್ದಾರೆ.

ಶಹರದಲ್ಲಿ ಕೊರತೆಯೇ ಇಲ್ಲ ಎನ್ನುವ ಪಾದ್ರಿಗಳು ಒಮ್ಮೆ ಅಪಾರ್ಟ್‌ಮೆಂಟಿನ ಹಿಂದಿನ ಓಣಿಗೆ ಹೋಗಲಿ. ಗೇಟ್ ಕಾಯುವವ, ಪಾತ್ರೆ ತಿಕ್ಕುವಾಕಿ, ಹೊಸ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುವವ, ಇವರಲ್ಲಿ ನಮ್ಮ ಕಡೆಯವರು ಎಷ್ಟೋ ಮಂದಿ. ಕೆಲಸ ಮುಗಿದಂತೆ ಶೆಡ್ಡು ಬದಲು, ಶೆಡ್ಡು ಬದಲಾದಂತೆ ಮಕ್ಕಳ ಶಾಲೆ ತಪ್ಪುತ್ತದೆ. ಅಂಥಲ್ಲಿ ಸಂಜೆ ಎರಡು ತಾಸು ಅಕ್ಷರ ಕಲಿಸಲು ಹಡಗು ಹತ್ತಿ ಬರಬೇಕಾಗಿಲ್ಲ, ಸಿಟಿ ಬಸ್ಸು ಸಾಕು.

ಒಂದು ಮಾತು ಖಡಾಖಂಡಿತ. ಸೇವೆಯನ್ನು ಗಾಳಕ್ಕೆ ಸಿಕ್ಕಿಸಿದ ಎರೆ ಮಾಡಬಾರದು. ಹಾಗಂತ ಸೇವೆ ಮಾಡುವವರನ್ನೆಲ್ಲ ಗಾಳ ಹಾಕುವವರು ಎನ್ನುವುದೂ ತಪ್ಪು. ಸಾರ್ವಜನಿಕ ಶಾಂತಿಗೆ ಭಂಗ ಬಾರದಂತೆ ತನ್ನ ಧರ್ಮವನ್ನು ಸಾರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಬೇಡ ಎನ್ನುವ ಹಕ್ಕು ಕೇಳುವವನಿಗೂ ಇದೆ.

ಹೊಳೆಮಠದ ಊರಾದ ಐರಣಿಯವರಿಗೆ ದಾಸೋಹವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿದವನ ಜಾತಿ ಕೇಳದೆ ಎಲೆ ಹಾಕುವುದೇ ಅದರ ರೀತಿ. ಶಹರದ ಹಸಿವು ಅನ್ನದ್ದಷ್ಟೇ ಅಲ್ಲ, ಮಾತಿನದೂ ಹೌದು. ನಮ್ಮ ಯಜಮಾನರಿಗೆ ಬೇಕಾಗಿದ್ದು ಪುಸ್ತಕವಲ್ಲ, ಹತ್ತು ನಿಮಿಷದ ಮಾತು. ಬಾಗಿಲು ಬಡಿದವರನ್ನು ಬೈಯಲು ನಾವು ತಯಾರು. ಎರಡು ತಿಂಗಳಲ್ಲಿ ಒಮ್ಮೆಯೂ ಬಾಗಿಲು ಬಡಿಯದ ಪಕ್ಕದ ಮನೆಯವರಿಗೆ ಏನನ್ನೋಣ?