‘ದುರ್ಬಲ’ ಗುಂಡು ಯಾರ ಪಾಲಿಗೆ?

ಹಳೆಯ ಬಂದೂಕುಗಳ ಬಗ್ಗೆ ಬರೆಯುವವರಿಗೆ ಒಂದು ಚಾಳಿಯಿದೆ. ಜಪಾನಿನ ‘ಟೈಪ್ 26’ ರಿವಾಲ್ವರಿನ 9 ಮಿಲಿಮೀಟರ್ ತೋಟಾದ ಮಾತು ಬಂದರೆ ಸಾಕು, ನಗಲು ಶುರುಮಾಡುತ್ತಾರೆ. ಬಡಪಾಯಿ ಗುಂಡು, ಯಾರಿಗೂ ಬೇಡದ್ದು, ಕೆಲಸಕ್ಕೆ ಬಾರದ್ದು!

ಲೆಕ್ಕದ ಮಟ್ಟಿಗೆ ಅವರು ಸುಳ್ಳು ಹೇಳುತ್ತಿಲ್ಲ. ಈ ಸೀಸದ ಗುಂಡಿನ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 200 ಮೀಟರ್. ಜರ್ಮನರ 9 ಮಿಲಿಮೀಟರ್ ಪ್ಯಾರಾಬೆಲಮ್ ಸುಮಾರು 350ರ ವೇಗದಲ್ಲಿ ಹೋಗುತ್ತಿತ್ತು. ರಿವಾಲ್ವರೂ ಅಷ್ಟಕ್ಕಷ್ಟೇ. ಟ್ರಿಗರ್ ಎಳೆಯದಿದ್ದಾಗ ಅದರ ಸಿಲಿಂಡರಿಗೆ ಬಿಗಿತವಿಲ್ಲ, ಏನಾದರೂ ತಾಗಿದರೆ ತಿರುಗಿಬಿಡುತ್ತದೆ. ಆಗಲೇ ಹಾರಿಸಿದ ತೋಟಾದ ಮೇಲೆಯೇ ಮತ್ತೆ ಏಟು ಬಿದ್ದೀತು. ಇನ್ನು ಈ ತೋಟಾ ಹುಟ್ಟಿದ್ದೇ ಈ ಒಂದು ರಿವಾಲ್ವರಿಗಾಗಿ. ‘26’ ಎಂದರೆ ಮೇಜಿ ಆಳ್ವಿಕೆಯ 26ನೇ ವರ್ಷ, ಅಂದರೆ 1893. ನಮ್ಮದೇ ಆಯುಧ ಬೇಕೆಂಬ ಹಟದಲ್ಲಿ ಟೋಕಿಯೋದ ಕಾರ್ಖಾನೆ ಮಾಡಿದ್ದು. ಹಟ ನಮ್ಮದೇ ಎಂದರೂ ವಿನ್ಯಾಸದ ತುಂಡುಗಳೆಲ್ಲ ಅಮೆರಿಕ, ಯುರೋಪಿನಿಂದ ಹೆಕ್ಕಿದವು!

ಇದನ್ನು ಹೊತ್ತವರು ಯಾರು? ಜಪಾನಿನ ಸೇನೆಯಲ್ಲಿ ಅಧಿಕಾರಿಗಳು ತಮ್ಮ ಪಿಸ್ತೂಲನ್ನು ತಾವೇ ಕೊಳ್ಳಬೇಕಿತ್ತು. ಕಾಸಿದ್ದವರು ವಿದೇಶಿ ಪಿಸ್ತೂಲು ಕೊಂಡರು. ಸರ್ಕಾರ ಕೊಟ್ಟ ಟೈಪ್ 26 ಸಿಕ್ಕಿದ್ದು ಕುದುರೆ ಪಡೆಯವರಿಗೆ, ಕೆಳದರ್ಜೆಯ ಹವಾಲ್ದಾರರಿಗೆ. ನಗುವವರ ಪಟ್ಟಿಯಲ್ಲಿ ಈ ಸಂಗತಿಗೆ ಒಂದು ಸಾಲೂ ಸಿಗುವುದಿಲ್ಲ.

ನನ್ನ ತಕರಾರು ಅದಕ್ಕಿಂತ ದೊಡ್ಡದು. ದುರ್ಬಲ ಎಂದು ಅಳೆಯುವುದು ಯಾವುದಕ್ಕೆ ಹೋಲಿಸಿ? ಎದುರಿಗೂ ಒಬ್ಬ ಬಂದೂಕುಧಾರಿ ಇದ್ದಾನೆ ಎಂದುಕೊಂಡು. ಆದರೆ ಯುದ್ಧ ಗೆಲ್ಲುವುದು ಫಿರಂಗಿ, ರೈಫಲ್, ಮೆಷಿನ್‌ಗನ್. ಸೊಂಟದ ರಿವಾಲ್ವರು ಹೊರಬರುವುದು ಮಾರುದೂರದಲ್ಲಿ: ಊರು ಕೈವಶವಾದ ಮೇಲೆ, ಮನೆಬಾಗಿಲಲ್ಲಿ, ಮಂಡಿಯೂರಿದವನ ಮುಂದೆ. ಅಲ್ಲಿ ಸೆಕೆಂಡಿಗೆ 200 ಮೀಟರ್ ಧಾರಾಳವಾಯಿತು. ಬರಿಗೈಯವನ ಎದೆಗೆ ಪ್ಯಾರಾಬೆಲಮ್ಮೂ ಒಂದೇ, ಇದೂ ಒಂದೇ.

1925ರಲ್ಲಿ ನಂಬು ಪಿಸ್ತೂಲು ಬಂದರೂ ಈ ರಿವಾಲ್ವರು ಮೂಲೆ ಸೇರಲಿಲ್ಲ. 1945ರ ಸೋಲಿನವರೆಗೂ ಬಳಕೆಯಲ್ಲಿತ್ತು. ಅದರ ಆಯುಷ್ಯದೊಳಗೇ ಕೊರಿಯಾ ನುಂಗಿದ 1910 ಇದೆ, ಮಂಚೂರಿಯಾದ 1931 ಇದೆ, ನಾನ್‌ಜಿಂಗಿನ 1937 ಇದೆ. ಸಂಗ್ರಾಹಕರ ಕೋಷ್ಟಕಗಳಲ್ಲಿ ತೋಟಾದ ಉದ್ದ, ಅಂಚಿನ ಅಗಲ, ಮದ್ದಿನ ತೂಕ ಎಲ್ಲಕ್ಕೂ ಒಂದೊಂದು ಅಂಕಣವಿದೆ. ಎದುರಿಗಿದ್ದವರಲ್ಲಿ ಎಷ್ಟು ಜನರ ಕೈಯಲ್ಲಿ ಆಯುಧವಿತ್ತು ಎಂಬುದಕ್ಕೆ ಇಲ್ಲ.